ಅತ್ತೆಯ ಲಿಸ್ಟಲ್ಲಿದ್ದ ದೇವರುಗಳು

ಬೆಂಗಳೂರಲ್ಲಿ ಹುಟ್ಟಿ ಬೆಳೆದೋರಿಗೆ ಬೆಂಗಳೂರಿನ ದೇವಸ್ಥಾನ ಒಂದೂ ನೆಟ್ಟಗೆ ಗೊತ್ತಿರಲ್ಲ ಅಂತ ನಮ್ಮ ಅತ್ತೆ ಯಾವಾಗ್ಲೂ ಹೇಳ್ತಿರ್ತಾರೆ, ಅವರಿರೋದು ತಿಪಟೂರು, ಬೆಂಗಳೂರಿಗೆ ಬರೋದೇ ಅಪರೂಪ, ಆದ್ರೆ ಹಾಲಿನ ಲೆಕ್ಕ ಬರೆಯೋ ನೋಟ್‌ಬುಕ್ಕಿನ ಹಿಂದಿನ ಪೇಜಲ್ಲಿ ಒಂದು ಲಿಸ್ಟ್ ಮಾಡಿಟ್ಕೊಂಡಿದ್ದಾರೆ. ಅದರಲ್ಲಿ ಇಸ್ಕಾನ್ ಇಲ್ಲ, ಹೊಸದು ಯಾವ್ದೂ ಇಲ್ಲ. ಧರ್ಮರಾಯ, ಗವಿ ಗಂಗಾಧರ, ಕೋಟೆ ವೆಂಕಟರಮಣ, ಕಾಡು ಮಲ್ಲೇಶ್ವರ, ಕೊನೆಗೆ ಪೆನ್ಸಿಲಲ್ಲಿ ಬೇಗೂರು. ಈ ಲಿಸ್ಟಿಗೆ ಡ್ರೈವರ್ ನಾನು. ಹಿಂದಿನ ಸೀಟಲ್ಲಿ ಮಾವ, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಆರಡಿ ಎತ್ತರ, ದೇವರ ವಿಷಯದಲ್ಲಿ ನ್ಯೂಟ್ರಲ್ಲು, ಪ್ರಸಾದದ ವಿಷಯದಲ್ಲಿ ಮಾತ್ರ ಭಾರೀ ಭಕ್ತರು.

ಪೇಟೆ ಕಡೆ ಕಾರ್ ತಗೊಂಡು ಹೋಗೋದು ಎಂಥಾ ಸಾಹಸ ಅಂತ ಹೋದೋರಿಗೇ ಗೊತ್ತು. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸ್ದಾಗ ಕಸುಬಿಗೊಂದು ಪೇಟೆ ಆಯ್ತು ಅಂತಾರೆ, ಕುಂಬಾರಪೇಟೆ, ಗಾಣಿಗರಪೇಟೆ, ಅಕ್ಕಿಪೇಟೆ, ತರಗುಪೇಟೆ, ತಿಗಳರಪೇಟೆ, ಹಂಗೇ ಪೇಟೆಗೊಂದು ದೇವರು, ದೇವರಿಗೊಂದು ಜನ, ಎಲ್ಲಾ ಲೆಕ್ಕಾಚಾರವಾಗಿ ಮಾಡಿದ್ದಾರೆ, ಆದ್ರೆ ಆ ಬೀದಿಗಳ ಅಗಲ ನೋಡಿದ್ರೆ ಎದುರುಬದುರು ಎರಡು ಎತ್ತಿನಗಾಡಿ ಬಂದ್ರೇ ಪಂಚಾಯ್ತಿ ಸೇರಿಸ್ಬೇಕಾಗಿತ್ತೇನೋ ಅನ್ಸುತ್ತೆ. ಮ್ಯಾಪಲ್ಲಿರೋ ಹೆಂಗಸು ‘ನೀವು ತಲುಪಿದ್ದೀರಿ’ ಅಂತಾಳೆ, ನೋಡಿದ್ರೆ ಎಡಕ್ಕೆ ಸ್ಟೀಲ್ ಪಾತ್ರೆ ಅಂಗಡಿ, ಬಲಕ್ಕೆ ಮದುವೆ ಕಾರ್ಡ್ ಅಂಗಡಿ, ದೇವಸ್ಥಾನ ಎಲ್ಲಿ ಸಾರ್ ಅಂದ್ರೆ ಅಂಗಡಿಯವನು ತಲೆ ಎತ್ತದೇ ಮೇಲಕ್ಕೆ ಬೆರಳು ತೋರಿಸ್ತಾನೆ, ಕತ್ತೆತ್ತಿದ್ರೆ ವೈರುಗಳ ನಡುವೆ ಗೋಪುರ.

ಸಂಕ್ರಾಂತಿ ದಿನ ಗವಿಪುರ. ಗವಿ ಗಂಗಾಧರೇಶ್ವರನಲ್ಲಿ ಆ ದಿನ ಸಾಯಂಕಾಲ ಐದು ದಾಟಿದ ಮೇಲೆ ಸೂರ್ಯನ ಬೆಳಕು ಕಿಟಕಿ ದಾಟಿ, ನಂದಿಯ ಎರಡು ಕೊಂಬಿನ ನಡುವೆ ಹಾದು, ಒಳಗಿರೋ ಲಿಂಗದ ಮೇಲೆ ಬೀಳುತ್ತೆ, ಇರೋದು ಕೆಲವೇ ನಿಮಿಷ, ಅದನ್ನ ನೋಡೋಕೆ ಬೆಂಗಳೂರಿಗೆ ಬೆಂಗಳೂರೇ ಬರುತ್ತೆ. ಅತ್ತೆ ಮಧ್ಯಾಹ್ನದ ಊಟಾನೂ ಬಿಟ್ಟು ಮುಂಚೇನೇ ಹೊರಡಿಸಿದ್ರು. ಹೋದ್ರೆ ಕ್ಯೂ ಆಗ್ಲೇ ಬೀದಿ ತಿರುವಲ್ಲಿತ್ತು. ಮೆಲ್ಲಮೆಲ್ಲಗೆ ಒಳಗೆ ಹೋಗಿ ದರ್ಶನವೇನೋ ಆಯ್ತು, ಆಮೇಲೆ ಗರ್ಭಗುಡಿ ಸುತ್ತ ಬಂಡೆ ಒಳಗೇ ಇರೋ ಪ್ರದಕ್ಷಿಣೆ ದಾರಿ. ಅಲ್ಲಿ ಮೇಲಿನ ಬಂಡೆ ಬಹಳ ಕೆಳಗಿದೆ, ಸೊಂಟ ಬಗ್ಗಿಸ್ಕೊಂಡೇ ಹೋಗ್ಬೇಕು, ಮುಂದೆ ಹೋಗ್ತಿದ್ದ ಹುಡುಗ್ರು ‘ತಲೆ ತಲೆ ತಲೆ’ ಅಂತ ಕೂಗ್ತಾನೇ ಇದ್ರು, ನಮ್ಮ ಮಾವ ಮೇಷ್ಟ್ರಲ್ವಾ, ಹುಡುಗ್ರು ಕೂಗಿದ್ದಕ್ಕೆಲ್ಲಾ ತಿರುಗಿ ನೋಡೋ ಅಭ್ಯಾಸ ಬಿಟ್ಟು ಎಷ್ಟೋ ವರ್ಷ ಆಗಿದೆ, ಠಣ್ ಅಂತು. ಅತ್ತೆ ಗಾಬರಿಯಾಗಿ ತಿರುಗಿದೋರು ‘ಬಂಡೆಗೇನಾಯ್ತು ನೋಡೋ’ ಅಂದ್ರು.

ಮಾವ ಹಣೆ ಉಜ್ಜಿಕೊಳ್ತಾ ನಿಂತಿದ್ದು ಅಲ್ಲಿರೋ ಅಗ್ನಿದೇವನ ಮೂರ್ತಿ ಮುಂದೆ. ಎರಡು ತಲೆ, ಏಳು ಕೈ, ಮೂರು ಕಾಲು, ಇಂಥ ಮೂರ್ತಿ ಬಹಳ ಅಪರೂಪ. ಮಾವ ಒಂದು ನಿಮಿಷ ನೋಡಿ ‘ಎರಡು ತಲೆ ಇರೋನು ಈ ಗವೀಲಿ ಹೆಂಗಯ್ಯಾ ಓಡಾಡ್ತಾನೆ’ ಅಂದ್ರು.

ಆಚೆ ಬಂದ್ವಿ. ಸೂರ್ಯರಶ್ಮಿ ಹೊತ್ತಿಗೆ ಒಳಗೆ ಎಲ್ಲರಿಗೂ ಜಾಗ ಎಲ್ಲಿ ಸಾಲುತ್ತೆ, ಹೊರಗೆ ದೊಡ್ಡ ಸ್ಕ್ರೀನ್ ಹಾಕಿರ್ತಾರೆ, ಅದರ ಮುಂದೆ ನಿಂತ್ವಿ. ಸಾವಿರಾರು ಜನ ಉಸಿರು ಬಿಗಿ ಹಿಡ್ಕೊಂಡು ಸ್ಕ್ರೀನ್ ನೋಡ್ತಿದ್ದಾರೆ, ಸ್ಕ್ರೀನಲ್ಲಿ ನಂದಿ ಇದೆ, ಲಿಂಗ ಇದೆ, ಸೂರ್ಯ ಮಾತ್ರ ನಾಪತ್ತೆ, ಯಾಕಂದ್ರೆ ಮಧ್ಯಾಹ್ನ ಎಲ್ಲಾ ತಲೆ ಸುಡ್ತಿದ್ದ ಬಿಸಿಲು ಸರಿಯಾಗಿ ಐದು ಗಂಟೆಗೆ ಮೋಡದ ಹಿಂದೆ ಹೋಗಿ ಕೂತಿತ್ತು. ‘ಸೂರ್ಯನಿಗೂ ಟ್ರಾಫಿಕ್ ಸಿಕ್ತೇನೋ’ ಅಂತ ಅತ್ತೆ. ಪಕ್ಕದಲ್ಲಿದ್ದ ಗವಿಪುರದ ಯಜಮಾನ್ರೊಬ್ರಿಗೆ ಇದು ಸ್ವಲ್ಪ ಬೇಜಾರಾಯ್ತು ಅನ್ಸುತ್ತೆ, ತಮ್ಮ ಮನೆ ಫಂಕ್ಷನ್ನಲ್ಲಿ ಕರೆಂಟ್ ಹೋದ ಹಾಗೆ ಮುಖ ಮಾಡ್ಕೊಂಡು, ‘ಇಲ್ಲ ತಾಯಿ, ಮೋಡ ಇದ್ರೂ ಒಳಗೆ ಬಿದ್ದಿರುತ್ತೆ, ನಮಗೆ ಕಾಣಲ್ಲ ಅಷ್ಟೇ’ ಅಂದ್ರು. ಇದಕ್ಕೆ ಯಾರೂ ಎದುರಾಡೋ ಹಾಗಿಲ್ಲ. ಮಾವ ಮಾತ್ರ ಮೆಲ್ಲಗೆ ‘ಸ್ಕ್ರೀನಲ್ಲೇ ನೋಡೋದಾದ್ರೆ ತಿಪಟೂರಲ್ಲೇ ಟೀವೀಲಿ ನೋಡ್ಬೋದಿತ್ತಲ್ಲ’ ಅಂದ್ರು, ಆ ಯಜಮಾನ್ರು ಅದೇ ಹೊತ್ತಿಗೆ ಎಲ್ಲಿಂದಲೋ ಮೂರು ದೊನ್ನೆ ಪೊಂಗಲ್ ತಂದು ಕೈಗಿಟ್ರು, ಮಾವ ಆಮೇಲೆ ಒಂದು ಮಾತಾಡಿಲ್ಲ.

ಕಾಡು ಮಲ್ಲೇಶ್ವರದಲ್ಲಿ ಎಡವಟ್ಟೇನೂ ಆಗ್ಲಿಲ್ಲ, ಆದ್ರೂ ಅದರ ಎದುರಿಗಿರೋ ನಂದಿ ತೀರ್ಥದ ಬಗ್ಗೆ ಹೇಳ್ಲೇಬೇಕು. ಇಡೀ ಕಲ್ಯಾಣಿ, ನಂದಿ, ನಂದಿ ಬಾಯಿಂದ ಲಿಂಗದ ಮೇಲೆ ಬೀಳೋ ನೀರು, ಎಲ್ಲಾ ಎಷ್ಟೋ ಕಾಲ ಮಣ್ಣಡಿ ಹೂತುಹೋಗಿ, 1997ರಲ್ಲಿ ಅಗೆದಾಗ ಆಚೆ ಬಂತು. ಬೆಂಗಳೂರಲ್ಲಿ ಎಲ್ಲಿ ಅಗೆದ್ರೂ ಒಂದೋ ದೇವರು ಸಿಗ್ತಾನೆ, ಇಲ್ಲಾ ನೀರಿನ ಪೈಪು ಒಡೆಯುತ್ತೆ. ಇಲ್ಲಿ ಎರಡೂ ಒಟ್ಟಿಗೆ ಆದಂಗಿದೆ, ನೀರು ಇನ್ನೂ ನಿಂತಿಲ್ಲ.

ಕರಗಕ್ಕೆ ಬರ್ತೀನಿ. ಅತ್ತೆ ಲಿಸ್ಟಲ್ಲಿ ಧರ್ಮರಾಯನ ಹೆಸರಿನ ಕೆಳಗೆ ಎರಡು ಗೆರೆ ಎಳೆದಿತ್ತು.

ಕರಗ ಹೊರಡೋದು ಆ ಧರ್ಮರಾಯನ ದೇವಸ್ಥಾನದಿಂದಲೇ, ಚೈತ್ರ ಹುಣ್ಣಿಮೆ ರಾತ್ರಿ ಅದಿರೋ ತಿಗಳರಪೇಟೆಗೆ ಹೋದ್ರೆ ಗೊತ್ತಾಗುತ್ತೆ, ಅದು ಹಬ್ಬ ಅಲ್ಲ, ಮದುವೆ ಮನೆ, ನೀವು ಯಾರ ಕಡೆಯೋರು ಅಂತ ಯಾರೂ ಕೇಳಲ್ಲ, ಆದ್ರೆ ಎಲ್ಲರೂ ಕೆಲಸದಲ್ಲಿರ್ತಾರೆ, ನೀವೊಬ್ರೇ ಸುಮ್ನೆ ನಿಂತಿರ್ತೀರಿ. ತಿಗಳರು ತೋಟಗಾರಿಕೆ ಜನ, ಲಾಲ್‌ಬಾಗ್ ಬೆಳೆಸಿದ್ರಲ್ಲೂ ಅವರ ಕೈ ಇದೆ ಅಂತಾರೆ. ಅವರಿಗೆ ದ್ರೌಪದಿ ಮಹಾಭಾರತದೋಳಲ್ಲ, ಮನೆ ಮಗಳು. ರಾಕ್ಷಸನ ಜೊತೆ ಯುದ್ಧ ಮಾಡೋಕೆ ಅವಳು ವೀರಕುಮಾರರನ್ನ ಹುಟ್ಟಿಸಿದ್ಳಂತೆ, ಯುದ್ಧ ಮುಗಿದು ಹೊರಡೋವಾಗ ಅವರು ಹೋಗ್ಬೇಡ ಅಂತ ಅತ್ರಂತೆ, ವರ್ಷಕ್ಕೊಂದ್ಸಲ ಬರ್ತೀನಿ ಅಂತ ಮಾತು ಕೊಟ್ಳಂತೆ. ಅದಕ್ಕೇ ಆ ರಾತ್ರಿ ಕರಗ ಹೊರೋರು ಸೀರೆ ಉಟ್ಟು ಬಳೆ ತೊಟ್ಟು, ತಲೆ ಮೇಲೆ ಮಲ್ಲಿಗೆಯ ಗೋಪುರ ಇಟ್ಕೊಂಡು, ಕೈಯಲ್ಲಿ ಮುಟ್ಟದೇ ಪೇಟೆ ಪೂರ್ತಿ ಸುತ್ತಿ ಬರ್ತಾರೆ, ಸುತ್ತ ವೀರಕುಮಾರರು ಕತ್ತಿ ಹಿರಿದು ಕಾವಲು. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತೆ ಕರಗ. ಪೂಜೆಗೆ ಬೇಕಾದ ಸಂಪಂಗಿ ಕೆರೆ ಮಾತ್ರ ಈಗ ಕಂಠೀರವ ಸ್ಟೇಡಿಯಂ ಆಗಿದೆ, ಮೂಲೇಲಿ ಒಂಚೂರು ಕೊಳ ಉಳಿಸಿದ್ದಾರೆ, ದ್ರೌಪದಿ ಬಂದಾಗ ಕೆರೆ ಎಲ್ಲಿ ಅಂತ ಕೇಳಿದ್ರೆ ಏನು ಉತ್ತರ ಕೊಡ್ತಾರೋ.

ಸಾಯಂಕಾಲಾನೇ ಅತ್ತೆ ಕೆ.ಆರ್. ಮಾರ್ಕೆಟ್ಟಲ್ಲಿ ಕರಗದ ಮೇಲೆ ಎಸೆಯೋಕೆ ಅಂತ ಮಲ್ಲಿಗೆ ತಗೊಂಡ್ರು. ಆ ದಿನ ಮಲ್ಲಿಗೆ ರೇಟ್ ಕೇಳ್ಬಾರ್ದು. ಅತ್ತೆ ಕೇಳಿದ್ರು, ಆಮೇಲೆ ಹೂವಿನೋಳ ಮೊಳ ಚಿಕ್ಕದು ಅಂತ ತಮ್ಮ ಕೈಯಲ್ಲೇ ಅಳೆಯೋಕೆ ಹೋದ್ರು, ಅತ್ತೆ ಕೈ ಅವಳಿಗಿಂತ ಗಿಡ್ಡ, ಅಳೆದ್ರೆ ಹೂವೇ ಜಾಸ್ತಿ ಬಂತು, ಅವಳು ‘ನಿಮ್ ಲೆಕ್ಕದಲ್ಲೇ ಕೊಡ್ಲಾ ಅಮ್ಮಾ’ ಅಂದಾಗ ಅತ್ತೆ ದುಡ್ಡು ಕೊಟ್ಟು ಸುಮ್ನೆ ನಡೆದ್ರು.

ಕರಗ ಎಷ್ಟೊತ್ತಿಗೆ ಹೊರಡುತ್ತೆ ಅಂತ ಯಾರನ್ನ ಕೇಳಿದ್ರೂ ‘ಇನ್ನರ್ಧ ಗಂಟೆ’. ಹತ್ತು ಗಂಟೆಗೂ ಇನ್ನರ್ಧ ಗಂಟೆ, ಹನ್ನೆರಡೂವರೆಗೂ ಇನ್ನರ್ಧ ಗಂಟೆ. ಮಾವ ಒಂದು ಶಟರ್ ಎಳೆದ ಅಂಗಡಿ ಕಟ್ಟೆ ಮೇಲೆ ಪೇಪರ್ ಹಾಸ್ಕೊಂಡು ಮಲಗೇಬಿಟ್ರು. ಎದುರು ಮನೆ ಅಜ್ಜಿ ನೋಡಿದ್ರು, ಒಳಗೆ ಹೋಗಿ ದಿಂಬು ತಂದ್ರು! ‘ಪಾಪ ದೂರದಿಂದ ಬಂದವ್ರೆ’ ಅಂತ ಮಾವನ ತಲೆ ಎತ್ತಿ ದಿಂಬು ಇಟ್ರು, ಅತ್ತೆಗೆ ಕುರ್ಚಿ, ನನಗೆ ಪಾನಕ ಹಂಚೋ ಕೆಲಸ. ಸುಮ್ನೆ ನಿಂತಿದ್ನಲ್ಲ, ಅಜ್ಜಿ ಮೊಮ್ಮಗ ಜಗ್ ಕೈಗೆ ಕೊಟ್ಟು ಎಲ್ಲೋ ಮಾಯ ಆದ, ಮುಂದಿನ ಒಂದು ಗಂಟೆ ನಾನು ಗುರುತು ಪರಿಚಯ ಇಲ್ಲದ ಮನೆ ಮುಂದೆ ನಿಂತು ಬಂದೋರಿಗೆಲ್ಲಾ ‘ತಗೊಳಿ ಪಾನಕ ತಗೊಳಿ’ ಅಂತಿದ್ದೆ, ಒಬ್ಬರು ‘ಮನೆಯಲ್ಲಿ ಎಲ್ಲಾ ಚೆನ್ನಾಗಿದಾರಾ’ ಅಂತ ಕೇಳಿದ್ರು, ಹ್ಞೂಂ ಅಂದೆ.

ಆಮೇಲೆ ಒಮ್ಮೆಲೇ ‘ಗೋವಿಂದಾ ಗೋವಿಂದಾ’ ಅಂತ ಗದ್ದಲ ಎದ್ದು, ಇಡೀ ಬೀದಿ ಒಂದು ಕಡೆಗೆ ವಾಲ್ತು. ಮಾವ ನಿದ್ದೆಗಣ್ಣಲ್ಲಿ ಎದ್ದು ‘ಬಸ್ ಬಂತಾ’ ಅಂದ್ರು. ಅತ್ತೆ ಕುರ್ಚಿ ಮೇಲೆ ಹತ್ತಿ ಕೈಯಲ್ಲಿದ್ದ ಅಷ್ಟೂ ಮಲ್ಲಿಗೇನ ಜೋರಾಗಿ ಎಸೆದ್ರು, ಅದು ನೇರ ಹೋಗಿ ಜನರನ್ನ ತಳ್ತಿದ್ದ ಪೊಲೀಸಪ್ಪನ ಟೋಪಿ ಮೇಲೆ ಬಿತ್ತು, ಅವನು ತಿರುಗಿ ನೋಡಿ, ಬೈತಾನೆ ಅಂದ್ಕೊಂಡ್ರೆ, ಕೈ ಮುಗಿದು ಮತ್ತೆ ತಳ್ಳೋಕೆ ಹೋದ. ಮುಂದೆ ಇದ್ದೋರೆಲ್ಲಾ ಮೊಬೈಲ್ ಎತ್ತಿ ಹಿಡಿದಿದ್ರು, ಬಿಳೀದೊಂದು ಗೋಪುರ ಮಿಂಚಿದಂಗೆ ಹೋಯ್ತು, ಅತ್ತೆ ಅದನ್ನ ಸ್ಪಷ್ಟವಾಗಿ ನೋಡಿದ್ದು ಮುಂದಿದ್ದ ಹುಡುಗನ ಫೋನಲ್ಲಿ. ಮಾವನಿಗೆ ಇಂಥ ಅವಕಾಶ ಬಿಡೋಕಾಗುತ್ತಾ, ‘ಇದನ್ನೂ ಟೀವೀಲೇ ನೋಡ್ಬೋದಿತ್ತು’ ಅಂದ್ರು.

‘ಟೀವೀಲಿ ದಿಂಬು ಕೊಡ್ತಾರೇನ್ರೀ?’ ಅಂದ್ರು ಅತ್ತೆ.

ಕೋಟೆ ವೆಂಕಟರಮಣನ್ನ ಬೆಳಿಗ್ಗೆ ಹಂಗೇ ನಿದ್ದೆಗಣ್ಣಲ್ಲಿ ಮುಗಿಸಿದ್ವಿ, ಚಿಕ್ಕದೇವರಾಜ ಒಡೆಯರ ಕಾಲದ್ದು, ಪಕ್ಕದಲ್ಲೇ ಟಿಪ್ಪು ಅರಮನೆ, ಎರಡನ್ನೂ ಕೂತ್ಕೊಂಡೇ ನೋಡಿದ್ವಿ ಅಂತಷ್ಟೇ ನೆನಪು.

ಪೆನ್ಸಿಲಲ್ಲಿ ಬರೆದಿದ್ದ ಬೇಗೂರು ಉಳಿದಿತ್ತು. ಅತ್ತೆ ಮುಂದಿನ ಸಲ ಬಂದಾಗ ಹೋದ್ವಿ. ನಾಗೇಶ್ವರ ದೇವಸ್ಥಾನ, ಗಂಗರ ಕಾಲದ್ದು, ಸುತ್ತ ಎಲ್ಲಾ ಅಪಾರ್ಟ್‌ಮೆಂಟ್ ಆಗಿದೆ. ಅಲ್ಲಿನ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರು ಕಾಳಗ ಅಂತ ಬರುತ್ತೆ, ಸುಮಾರು ಕ್ರಿ.ಶ. 890ರದ್ದು, ಅಂದ್ರೆ ಕೆಂಪೇಗೌಡರಿಗಿಂತ ಆರುನೂರು ವರ್ಷ ಮುಂಚೇನೇ ಬೆಂಗಳೂರು ಅನ್ನೋ ಊರಿತ್ತು, ಅಲ್ಲಿ ಹೊಡೆದಾಟಾನೂ ಆಗಿತ್ತು. ಮಾವನಿಗೆ ಇದು ತಮ್ಮ ಸಬ್ಜೆಕ್ಟು, ಕೈ ಹಿಂದೆ ಕಟ್ಕೊಂಡು ಪಾಠ ಶುರು ಮಾಡಿದ್ರು. ಅಷ್ಟರಲ್ಲಿ ಆಚೆ ಬೀದಿಯಿಂದ ಹಾರ್ನ್ ಮೇಲೆ ಹಾರ್ನ್, ನಮ್ಮ ಕಾರಿಗೆ ಅಡ್ಡ ಒಂದು ಟೆಂಪೋ, ಟೆಂಪೋಗೆ ಅಡ್ಡ ಒಂದು ಸ್ಕೂಟರು, ಸ್ಕೂಟರಿನವನು ‘ಇದು ನಮ್ಮ ತಾತನ ಕಾಲದಿಂದ ನಾವು ನಿಲ್ಸೋ ಜಾಗ’ ಅಂತಿದ್ದಾನೆ, ಟೆಂಪೋದವನು ‘ನಿಮ್ ತಾತ ಸ್ಕೂಟರ್ ಓಡಿಸ್ತಿದ್ನಾ’ ಅಂತಿದ್ದಾನೆ, ಹೂವಿನ ಅಂಗಡಿಯವಳು ಇಬ್ಬರಿಗೂ ಬೈತಿದ್ದಾಳೆ.

ಅತ್ತೆ ಒಂದ್ಸಲ ಬೀದಿ ನೋಡಿದ್ರು, ಒಂದ್ಸಲ ಕಲ್ಲು ನೋಡಿದ್ರು.

‘ಆ ಕಾಳಗ ಯಾತಕ್ಕೆ ಆಯ್ತಂತೆ ರೀ?’

ಮಾವ ಸ್ವಲ್ಪ ಯೋಚನೆ ಮಾಡಿ, ‘ಇದ್ರಲ್ಲಿ ಹೋರಾಡಿ ಸತ್ತೋನ ಹೆಸರಿದೆ, ಕಾರಣ ಬರೆದಂಗಿಲ್ಲ’ ಅಂದ್ರು.

‘ಗಾಡಿ ನಿಲ್ಸೋ ಜಾಗಕ್ಕೇ ಇರ್ಬೇಕು ಬಿಡಿ’ ಅಂತ ಅತ್ತೆ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಟೆಂಪೋ ಕಡೆ ಹೊರಟ್ರು.