ಗೋಪ್ಯತೆಗೆ ಮೂರು ಪ್ರತಿ

100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಒಬ್ಬ ತರಬೇತಾದ ಆಪ್ತಸಮಾಲೋಚಕರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿತು. ನಮ್ಮ ಕಾಲೇಜುಗಳು ಕೋರ್ಟಿನ ಮಾತು ಮೀರುವವೇ? ವಾರಕ್ಕೆ ಯಾರಿಗೆ ಪೀರಿಯಡ್ ಕಮ್ಮಿ ಅಂತ ಟೈಮ್‌ಟೇಬಲ್ ನೋಡಿದರು. ಪರಿಸರ ಅಧ್ಯಯನದ ಮೇಷ್ಟ್ರು ಸಿಕ್ಕರು. ಶಿಸ್ತು ಸಮಿತಿಯೂ ಅವರದ್ದೇ. ಹನ್ನೊಂದರವರೆಗೆ ‘ನಿಮ್ಮಪ್ಪನ್ನ ಕರ್ಕೊಂಡು ಬಾ’ ಎಂದು ಗದರುತ್ತಾರೆ. ಹನ್ನೊಂದೂಕಾಲಿಗೆ ಅದೇ ಕುರ್ಚಿಯಲ್ಲಿ ಕೂತು, ಅದೇ ಹುಡುಗನಿಗೆ ‘ಮನಸ್ಸಲ್ಲಿ ಏನಿದೆ, ಹೇಳಪ್ಪ’ ಅನ್ನುತ್ತಾರೆ.

ಆಪ್ತಸಮಾಲೋಚನಾ ಕೇಂದ್ರ ಇರುವುದು ಪ್ರಿನ್ಸಿಪಾಲರ ಕೋಣೆ ಎದುರಿಗೆ. ಗಾಜಿನ ಬಾಗಿಲು, ಒಳಗೊಂದು ಸಿಸಿಟಿವಿ. ಬಾಗಿಲಲ್ಲೇ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಹೆಸರು, ರಿಜಿಸ್ಟರ್ ನಂಬರ್, ತಂದೆಯ ಮೊಬೈಲ್, ಬಂದ ಕಾರಣ. ಮೊದಲು ಬಂದವನು ‘ರಾತ್ರಿ ನಿದ್ದೆ ಬರಲ್ಲ’ ಎಂದು ಬರೆದ. ಕೆಳಗಿನವರೆಲ್ಲ ಡಿಟ್ಟೋ ಗುರುತು ಹಾಕಿದರು. ಇಡೀ ಕಾಲೇಜಿನಲ್ಲಿ ಖಾಸಗಿತನ ಅಂತ ಉಳಿದಿರುವುದು ಆ ಡಿಟ್ಟೋ ಒಂದೇ.

ಒಳಗೆ ಹೋದರೆ ಫಾರಂ. ಮೂರು ಪ್ರತಿ. ಒಂದು ಎಚ್‌ಒಡಿಗೆ, ಒಂದು ಆಫೀಸಿಗೆ, ಒಂದು ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ಫೈಲಿಗೆ. ವಿದ್ಯಾರ್ಥಿಗೆ ಪ್ರತಿ ಕೊಡುವುದಿಲ್ಲ. ಯಾಕಂದ್ರೆ ಅದು ಗೋಪ್ಯ.

ನ್ಯಾಕ್ ಅಂದಮೇಲೆ ಫೋಟೋ ಬೇಕು. ಅದೂ ಜಿಯೋ ಟ್ಯಾಗ್ ಇರುವ ಫೋಟೋ. ದುಃಖ ಹೇಳಿಕೊಂಡ ಜಾಗದ ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ ಎಲ್ಲ ಕೆಳಗೆ ಮೂಡಬೇಕು. ‘ಅಳೋದಾದ್ರೆ ಸ್ವಲ್ಪ ಈ ಕಡೆ ತಿರುಗಮ್ಮ, ಬ್ಯಾನರ್ ಕಾಣ್ಲಿ.’

ಸಂಜೆಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಸಂದೇಶ: ‘ಈ ಕೆಳಕಂಡ ವಿದ್ಯಾರ್ಥಿಗಳು ಮಾನಸಿಕ ಒತ್ತಡದಲ್ಲಿರುತ್ತಾರೆ. ಸದರಿ ಮಾಹಿತಿಯನ್ನು ಗೋಪ್ಯವಾಗಿಡಲು ಕೋರಲಾಗಿದೆ.’ ಕೆಳಗೆ ಹತ್ತು ಜನರ ಕೈಮುಗಿಯುವ ಗುರುತು. ಯಾರೋ ಒಬ್ಬರು ಕಂಗ್ರಾಜುಲೇಶನ್ಸ್ ಅಂತಲೂ ಹಾಕಿದ್ದಾರೆ, ರಿಸಲ್ಟ್ ಅಂದುಕೊಂಡು.

ಕಾನೂನು ಇಲ್ಲವೇ? ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಎನ್ನುತ್ತದೆ. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಸಂವಿಧಾನದ ಪೇಪರಿನಲ್ಲಿ ಈ ತೀರ್ಪಿನ ಬಗ್ಗೆ ಟಿಪ್ಪಣಿ ಬರೆದವನಿಗೆ ಐದಕ್ಕೆ ಐದು ಅಂಕ. ಹೊರಗೆ ಬಂದು ಅವನು ಅದೇ ರಿಜಿಸ್ಟರಿಗೆ ಸಹಿ ಹಾಕುತ್ತಾನೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2021ರಲ್ಲಿ ಆತ್ಮಹತ್ಯೆ ತಡೆಯಲೆಂದು ಹಾಸ್ಟೆಲ್ ಕೋಣೆಗಳ ಸೀಲಿಂಗ್ ಫ್ಯಾನ್ ತೆಗೆಸಲು ಹೊರಟಿತ್ತು. ಇಂಥ ಎಚ್ಚರಿಕೆಯಿಂದ ಜೀವ ಉಳಿಯುತ್ತದೆ, ಅದನ್ನು ನಾನು ಗೇಲಿ ಮಾಡುವುದಿಲ್ಲ. ಗೇಲಿ ಇರುವುದು, ಕೆಲಸ ಅಲ್ಲಿಗೇ ಮುಗಿಯಿತು ಅನ್ನುವವರ ಬಗ್ಗೆ. ಫ್ಯಾನಿಗಾದರೆ ಟೆಂಡರ್ ಕರೆಯಬಹುದು, ಬಿಲ್ ಬರುತ್ತದೆ. ಹುಡುಗನ ಮಾತು ಅರ್ಧ ಗಂಟೆ ಸುಮ್ನೆ ಕೂತು ಕೇಳಿಸಿಕೊಂಡರೆ ಬಿಲ್ ಯಾರು ಕೊಡುತ್ತಾರೆ?

ಹಾಸ್ಟೆಲ್ ಗೋಡೆಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ ಪೋಸ್ಟರ್ ಅಂಟಿಸಿದ್ದಾರೆ. 14416, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಿಜಕ್ಕೂ ಒಳ್ಳೆಯ ಸೌಲಭ್ಯ. ಹಾಸ್ಟೆಲಿನಲ್ಲಿ ಫೋನ್ ನಿಷೇಧ, ಅಷ್ಟೇ. ಕರೆ ಮಾಡಬೇಕಾದವರು ವಾರ್ಡನ್‌ಗೆ ಕಾರಣ ಬರೆದುಕೊಟ್ಟು, ಅವರ ಎದುರೇ ನಿಂತು ಮಾತಾಡಬಹುದು.

ಎರಡನೇ ತಿಂಗಳಿನಿಂದ ಕೇಂದ್ರಕ್ಕೆ ಒಬ್ಬರೂ ಬರಲಿಲ್ಲ. ಮೇಷ್ಟ್ರು ವಾರ್ಷಿಕ ವರದಿ ಬರೆದರು: ‘ಸಮಸ್ಯೆ ಇರುವ ವಿದ್ಯಾರ್ಥಿಗಳು: ಇಲ್ಲ.’ ಪ್ರಿನ್ಸಿಪಾಲರು ಸಹಿ ಹಾಕಿದರು. ಈಗ ಅದನ್ನು ನ್ಯಾಕ್ ಫೈಲಿನ ‘ಬೆಸ್ಟ್ ಪ್ರಾಕ್ಟೀಸ್’ ವಿಭಾಗಕ್ಕೆ ಸೇರಿಸಿದ್ದಾರೆ.