ಸತ್ಯಾಂಶ: ಸುಮ್ಮನಿರುವ ರಕ್ತನಾಳಕ್ಕೂ ಕಣ್ಣಿನ ಸ್ಕ್ಯಾನ್ ಏಕೆ?

ವಯಸ್ಸಿನೊಂದಿಗೆ ಬರುವ ಮ್ಯಾಕ್ಯುಲಾ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ರೆಟಿನಾ ಪದರದ ನಡುಭಾಗ) ಸವೆತಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಪಡೆದವರ ನಡುವೆ ಒಂದು ವಾಟ್ಸ್‌ಆ್ಯಪ್ ಸಂದೇಶ ಹರಿದಾಡುತ್ತದೆ: ರೆಟಿನಾದಲ್ಲಿ ಸೋರಿದ ನೀರು ಒಣಗಿ ದೃಷ್ಟಿ ತಿಳಿಯಾದರೆ ರೋಗ ವಾಸಿಯಾದಂತೆ, ಆಮೇಲಿನ ಸ್ಕ್ಯಾನ್‌ಗಳು ವ್ಯರ್ಥ, ಅವುಗಳ ಕಿರಣದಿಂದ ರೆಟಿನಾ ಸುಡುತ್ತದೆ. ಇವು ಯಾವುವೂ ನಿಜವಲ್ಲ.

ಕಿರಣದ ಮಾತು ಬೇಗ ಮುಗಿಯುತ್ತದೆ. ಈ ಸ್ಕ್ಯಾನ್‌ಗಳಿಗೆ ಬಳಸುವ, 1991ರಲ್ಲಿ ಮೊದಲು ಪ್ರಕಟವಾದ ಒಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ತಂತ್ರದಲ್ಲಿ ಎಕ್ಸ್‌ರೇ ಇಲ್ಲ. ಸುರಕ್ಷತೆಯ ಮಿತಿಯೊಳಗಿನ ಮಂದ ಅವಕೆಂಪು ಬೆಳಕು ರೆಟಿನಾದ ಪದರಗಳಿಂದ ಹಿಂದಿರುಗುವುದನ್ನು ಅಳೆದು, ಯಂತ್ರವು ಕೆಲವೇ ಮೈಕ್ರಾನ್‌ಗಳ ಸೂಕ್ಷ್ಮತೆಯ ಚಿತ್ರವನ್ನು ರಚಿಸುತ್ತದೆ.

ಉಳಿದ ಮಾತಿಗೆ ತುಸು ವಿವರಣೆ ಬೇಕು. ಇಂಜೆಕ್ಷನ್‌ನ ಔಷಧವು ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆದು, ರೆಟಿನಾದ ಅಡಿಯಲ್ಲಿ ಬೆಳೆದ ಅಸಹಜ ನಾಳಗಳ ಸೋರಿಕೆಯನ್ನು ನಿಲ್ಲಿಸುತ್ತದೆಯೇ ಹೊರತು, ಆ ನಾಳಗಳನ್ನು ಸಾಮಾನ್ಯವಾಗಿ ಪೂರ್ತಿ ಅಳಿಸುವುದಿಲ್ಲ. ಔಷಧದ ಪ್ರಭಾವ ಇಳಿದಾಗ ಅವು ಮತ್ತೆ ಸೋರಬಹುದು, ಮತ್ತು ರೋಗಿಗೆ ವ್ಯತ್ಯಾಸ ತಿಳಿಯುವ ಮೊದಲೇ ಆ ದ್ರವವು ಒಸಿಟಿ ಚಿತ್ರದಲ್ಲಿ ಕಾಣಿಸಿಕೊಳ್ಳಬಹುದು. ಇನ್ನೊಂದು ಕಣ್ಣು ಚೆನ್ನಾಗಿದ್ದರಂತೂ ಮೆದುಳು ಕೊರತೆಯನ್ನು ತುಂಬಿಕೊಂಡುಬಿಡುತ್ತದೆ. ಒಸಿಟಿಯದೇ ಇನ್ನೊಂದು ಬಗೆಯಾದ ಒಸಿಟಿ ಆಂಜಿಯೋಗ್ರಫಿಯು ಕೆಂಪು ರಕ್ತಕಣಗಳ ಚಲನೆಯನ್ನು ಗುರುತಿಸಿ, ಬಣ್ಣದ ದ್ರವವನ್ನು ರಕ್ತಕ್ಕೆ ಚುಚ್ಚದೆಯೇ ನಾಳಗಳ ಜಾಲವನ್ನು ತೋರಿಸುತ್ತದೆ. ಒಮ್ಮೆಯೂ ಸೋರದ, ಲಕ್ಷಣವಿಲ್ಲದ ಜಾಲಗಳೂ ಹೀಗೆ ಪತ್ತೆಯಾಗುತ್ತವೆ. ಆದರೆ ಸೋರಿಕೆಯನ್ನು ಅದು ನೇರವಾಗಿ ತೋರಿಸದ ಕಾರಣ ಸಾಮಾನ್ಯ ಒಸಿಟಿಯನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಜಾಲ ಕಂಡಿತೆಂದ ಮಾತ್ರಕ್ಕೆ ಇಂಜೆಕ್ಷನ್ ಖಚಿತವೆಂದೂ ಅಲ್ಲ. ಸೋರದ ಜಾಲವನ್ನು ವೈದ್ಯರು ಬಹುತೇಕ ಗಮನಿಸುತ್ತಲೇ ಇರುತ್ತಾರೆ. ಸ್ಕ್ಯಾನ್‌ಗಳ ಅಂತರವನ್ನು ಕಣ್ಣಿನ ಸ್ಥಿತಿ ನೋಡಿ ಅವರೇ ನಿರ್ಧರಿಸುತ್ತಾರೆ. ಈ ನಡುವೆ ನೇರ ಗೆರೆಗಳು ಡೊಂಕಾಗಿ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಕೂಡಲೇ ತೋರಿಸಬೇಕು.