ಚಿನ್ನಿಗೆ ತಕ್ಕ ವೈದ್ಯರು

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆಯನ್ನು ಕಟ್ಟಿದವರು ಬೆಕ್ಕನ್ನು ಪೆಟ್ಟಿಗೆಯೊಳಗೆ ಕೂರಿಸಲು ಎಂದೂ ಪ್ರಯತ್ನಿಸಿರಲಾರರು. ಪ್ರಯತ್ನಿಸಿದ್ದರೆ ಗಂಟೆಯಂಥ ಸುಲಭದ ಕೆಲಸವನ್ನು ಗಾದೆಯಾಗಿಸುತ್ತಿರಲಿಲ್ಲ. ನಮ್ಮ ಚಿನ್ನಿ ಊಟ ಮುಟ್ಟದೆ ಬೀರುವಿನ ಹಿಂದೆ ಮುದುಡಿ ಕುಳಿತಾಗ ಒಳ್ಳೆಯ ಪಶುವೈದ್ಯರನ್ನು ಹುಡುಕುವ ಹೊಣೆ ನನ್ನ ಮೇಲೆ ಬಿತ್ತು. ಆಗ ನನ್ನಲ್ಲಿದ್ದ ಅಳತೆಗೋಲು ಒಂದೇ: ಚಿಕಿತ್ಸಾಲಯ ಮನೆಗೆ ಹತ್ತಿರವಿರಬೇಕು. ಪೆಟ್ಟಿಗೆಯೊಳಗಿನ ಆರ್ತನಾದವನ್ನು ಕೇಳಿದ ದಾರಿಹೋಕರು ನನ್ನನ್ನು ಕಟುಕನೆಂದು ಭಾವಿಸುವ ಅವಧಿ ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ?

ಮೊದಲ ವೈದ್ಯರು ಬಹಳ ಸಜ್ಜನರು. ನನ್ನ ಕ್ಷೇಮ ವಿಚಾರಿಸಿ, ಚಿನ್ನಿಯ ಹೆಸರನ್ನು ಮೆಚ್ಚಿ, ಮೇಜಿನಾಚೆಯಿಂದಲೇ ಒಮ್ಮೆ ಕಣ್ಣು ಹಾಯಿಸಿ, ತೂಕವನ್ನೂ ಜ್ವರವನ್ನೂ ನೋಡದೆ ಔಷಧ ಬರೆದರು. ಗುರುಗುಟ್ಟುತ್ತಿರುವುದರಿಂದ ಬೆಕ್ಕು ಸಂತೋಷವಾಗಿದೆ ಎಂದು ಅವರು ಹೇಳಿದಾಗ ನಾನೂ ಸಂತೋಷಪಟ್ಟೆ. ನೋವಿನಲ್ಲಿರುವ ಬೆಕ್ಕೂ ಗುರುಗುಟ್ಟುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಮರುದಿನ ನೆಂಟರೊಬ್ಬರು ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಸಾಕೆಂದು ಸಲಹೆ ನೀಡಿದರು. ಬೇಕಾದಾಗ ಯಾವ ವಸ್ತುವೂ ಸಿಗದ ನಮ್ಮ ಮನೆಯ ಪರಂಪರೆಯೇ ಚಿನ್ನಿಯನ್ನು ಉಳಿಸಿತು. ಮಾತ್ರೆ ಸಿಗದ ಕಾರಣ ಇನ್ನೊಂದು ಚಿಕಿತ್ಸಾಲಯಕ್ಕೆ ಫೋನ್ ಮಾಡಿದೆ. ಅಲ್ಲಿನ ವೈದ್ಯೆ, ಅದನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು ಎಂದು ಚೆನ್ನಾಗಿ ಗದರಿದರು. ಹೀಗೆ ಗದರುವವರೇ ನಮಗೆ ತಕ್ಕವರೆಂದು ನನಗೆ ಅಲ್ಲಿಯೇ ಅನ್ನಿಸಿತು.

ಅವರ ಮುಂದೆ ನಾನು ಓದದೆ ಪರೀಕ್ಷೆಗೆ ಬಂದ ಹುಡುಗನಂತೆ ಕುಳಿತೆ. ಕೊನೆಯ ಲಸಿಕೆ ಯಾವಾಗ, ನಿನ್ನೆ ಎಷ್ಟು ಸಲ ಮೂತ್ರ ಮಾಡಿತು, ಊಟದ ತಟ್ಟೆಯ ಬಳಿ ಬಂದು ಹಿಂದೆ ಸರಿಯುತ್ತದೆಯೋ ಅಥವಾ ಬರುವುದೇ ಇಲ್ಲವೋ? ನನಗೆ ಗೊತ್ತಿದ್ದದ್ದು ಅವಳ ಹುಟ್ಟುಹಬ್ಬ ಮಾತ್ರ, ಅದನ್ನು ಅವರು ಕೇಳಲಿಲ್ಲ. ಬೆಕ್ಕನ್ನು ಎಳೆದು ಹೊರಗೆ ಹಾಕುವ ಬದಲು ಪೆಟ್ಟಿಗೆಯ ಮೇಲ್ಭಾಗವನ್ನೇ ಕಳಚಿ, ಅವಳು ಕುಳಿತಲ್ಲಿಯೇ ಪರೀಕ್ಷಿಸಿದರು. ತಾಪಮಾನ 38.6 ಡಿಗ್ರಿ ಸೆಲ್ಸಿಯಸ್. ನಾನು ಗಾಬರಿಯಾದೆ, ಬೆಕ್ಕಿಗೆ ಅದು ಸಹಜವೆಂದರು. ತುಟಿ ಎತ್ತಿ ನೋಡಿದಾಗ ದವಡೆಯ ಹಲ್ಲೊಂದು ಮುರಿದಿತ್ತು. ಹಲ್ಲಿನ ಎಕ್ಸ್‌ರೇ ಯಂತ್ರ ತಮ್ಮಲ್ಲಿಲ್ಲವೆಂದು ಸಂಕೋಚವಿಲ್ಲದೆ ಒಪ್ಪಿಕೊಂಡು, ಇರುವಲ್ಲಿಗೆ ಪತ್ರವನ್ನೂ ಆಗಬಹುದಾದ ಖರ್ಚಿನ ಅಂದಾಜನ್ನೂ ಬರೆದುಕೊಟ್ಟರು.

ಆಮೇಲೆ ಅವರ ದೃಷ್ಟಿ ನನ್ನ ಕರವಸ್ತ್ರ ಸುತ್ತಿದ ಕೈಯ ಮೇಲೆ ಬಿತ್ತು. ಹಲ್ಲುನೋವಿದ್ದರೂ ನನ್ನನ್ನು ಕಚ್ಚುವ ವಿಷಯದಲ್ಲಿ ಚಿನ್ನಿ ಯಾವ ರಿಯಾಯಿತಿಯನ್ನೂ ತೋರಿರಲಿಲ್ಲ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಗಾಯ ಬೇಗ ಕೀವಾಗುತ್ತದೆ, ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಇಂದೇ ಒಳ್ಳೆಯ ವೈದ್ಯರೊಬ್ಬರನ್ನು ಕಾಣಿರಿ ಎಂದರು. ತಾವೇ ನೋಡಬಾರದೇ ಎಂದು ಕೇಳಿದ್ದಕ್ಕೆ, ತಮ್ಮ ಪದವಿ ಅಷ್ಟು ಕೆಳಗಿನ ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ ಎಂಬಂತೆ ಚಿನ್ನಿಯೂ ಅವರೂ ಒಟ್ಟಿಗೆ ನನ್ನತ್ತ ನೋಡಿದರು. ಮನುಷ್ಯರ ವೈದ್ಯರಲ್ಲಿ ಒಳ್ಳೆಯವರು ಯಾರೆಂದು ನಾನು ಅಲ್ಲಿಯವರೆಗೆ ವಿಚಾರಿಸಿರಲೇ ಇಲ್ಲ.